ಕಿಟಕಿ ತೆಗೆದಿದ್ದರೆ ಸಾಕಿತ್ತು

ನಾನು ಒಂದು ಬಾವಲಿಯನ್ನು ಕೊಂದಿದ್ದೇನೆ. ಆಗ ನನಗೆ ಹನ್ನೊಂದು ವರ್ಷ. ಕುಮಾರ ಪಾರ್ಕ್ ವೆಸ್ಟಿನಲ್ಲಿ ನಮ್ಮದು ಹೆಂಚಿನ ಮನೆ. ಮುಂದೆ ಒಂದು ಸಂಪಿಗೆ ಮರ, ಹಿಂದೆ ಹಂಡೆ ಒಲೆಯ ಬಚ್ಚಲು. ಬೇಸಿಗೆ ರಜೆಯ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಅಂಗೈಯಗಲದ ಕಪ್ಪು ಚೂರೊಂದು ನಡುಮನೆಯ ಬಲ್ಬಿನ ಸುತ್ತ ಗಿರಕಿ ಹೊಡೆಯತೊಡಗಿತು. ಅತ್ತೆ ಸೆರಗಿನಿಂದ ತಲೆ ಮುಚ್ಚಿಕೊಂಡು ಕೂಗಿದರು. ಬಾವಲಿ ಕೂದಲಿಗೆ ಸಿಕ್ಕಿಕೊಂಡರೆ ಬಿಡಿಸುವುದಕ್ಕೆ ಬರುವುದಿಲ್ಲ ಅನ್ನುವುದು ಆಗ ಎಲ್ಲರ ನಂಬಿಕೆ. ನಾನು ಓಡಿಹೋಗಿ ಬ್ಯಾಡ್ಮಿಂಟನ್ ರ್‍ಯಾಕೆಟ್ ತಂದೆ. ಎರಡು ಏಟು ಗಾಳಿಗೆ ಹೋದವು, ಮೂರನೆಯದಕ್ಕೆ ಬಿತ್ತು. ಮನೆಯವರೆಲ್ಲ ಭೇಷ್ ಅಂದರು.

ಅಜ್ಜಿ ಮಾತ್ರ ಅನ್ನಲಿಲ್ಲ. ಮೊರ ತಂದು ಅದನ್ನು ಎತ್ತಿ, ದೀಪದ ಕೆಳಗೆ ಹಿಡಿದು ನೋಡಿದರು. ಬಾಯಿ ತೆರೆದೇ ಇತ್ತು, ಒಳಗೆ ಅಕ್ಕಿ ನುಚ್ಚಿನಷ್ಟು ಹಲ್ಲು. "ಇದು ಕಣ್ಣಕಪ್ಪಡಿ ಕಣೋ, ಸೊಳ್ಳೆ ಹಿಡಿಯಕ್ಕೆ ಬಂದಿತ್ತು. ದೀಪ ಆರಿಸಿ ಕಿಟಕಿ ತೆಗೆದಿದ್ರೆ ಸಾಕಿತ್ತು, ಅದರ ಪಾಡಿಗೆ ಅದು ಹೋಗ್ತಿತ್ತು" ಅಂದರು. ಬೈಗುಳವೇನಲ್ಲ, ದೊಡ್ಡ ದನಿಯೂ ಅಲ್ಲ. ಸಂಪಿಗೆ ಮರದ ಬುಡದಲ್ಲಿ ಮಣ್ಣು ಮಾಡಿ ಕೈ ತೊಳೆದು ಬಂದರು. ಆಮೇಲೆ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಮರೆತಿದ್ದೆ.

ನೆನಪಾದದ್ದು ಮಗಳ ಫೋಟೋದಿಂದ. ಆಫೀಸಿನ ಗೆಳೆಯರ ಜೊತೆ ಅಂತರಗಂಗೆಗೆ ನೈಟ್ ಟ್ರೆಕ್ ಹೋಗಿ ಬಂದಿದ್ದಳು. ಕೋಲಾರದ ಅಂತರಗಂಗೆ ಈಗ ಬೆಂಗಳೂರಿನ ಹುಡುಗರಿಗೆ ಶನಿವಾರ ರಾತ್ರಿಯ ಠಿಕಾಣಿ. ತಲೆಗೆ ಟಾರ್ಚ್ ಕಟ್ಟಿಕೊಂಡು ಬಂಡೆಗಳ ಸಂದಿಯಲ್ಲಿ ತೆವಳುತ್ತಾರೆ, ಬೆಳಗಿನ ಜಾವ ಸೂರ್ಯೋದಯ ನೋಡಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್ಸು. ಅವಳ ಫೋನಿನ ಒಂದು ಫೋಟೋದಲ್ಲಿ ಬಂಡೆಯ ಚಾವಣಿಯಿಂದ ಐದಾರು ಬಾವಲಿಗಳು ಜೋತುಬಿದ್ದಿದ್ದವು. ಬೆಳಕಿಗೆ ಕಣ್ಣು ಕೆಂಪಗೆ ಮಿನುಗುತ್ತಿದ್ದವು. "ಇದು ಯಾವ ಜಾತಿ ಅಪ್ಪಾ?" ಅಂದಳು. ಗೊತ್ತಿರಲಿಲ್ಲ. ಹುಡುಕಲು ಕೂತೆ. ಅವಳ ಫೋಟೋದಲ್ಲಿದ್ದದ್ದು ಯಾವುದು ಎಂದು ಈಗಲೂ ನನಗೆ ತಿಳಿಯದು. ಆದರೆ ಹುಡುಕುತ್ತಾ ಹೋದಾಗ ಅದೇ ಕೋಲಾರದ ಇನ್ನೊಂದು ಜೀವಿಯ ಸಂಗತಿ ಸಿಕ್ಕಿತು. ಅದಾದ ಮೇಲೆ ಕೆಲವು ತಿಂಗಳಿಂದ ಅಜ್ಜಿಯ ಆ ಮಾತು ನನ್ನನ್ನು ಬಿಟ್ಟಿಲ್ಲ.

ಅದರ ಹೆಸರು ಕೋಲಾರದ ಎಲೆಮೂಗಿನ ಬಾವಲಿ. ವೈಜ್ಞಾನಿಕ ಹೆಸರು ಹಿಪ್ಪೊಸಿಡೆರಸ್ ಹೈಪೊಫಿಲಸ್. ಮೂಗಿನ ಮೇಲೆ ಮಡಿಕೆ ಮಡಿಕೆಯಾದ ಎಲೆಯಂಥ ಚರ್ಮವಿರುವ ಬಾವಲಿಗಳ ಪಂಗಡಕ್ಕೆ ಸೇರಿದ್ದು. ಈ ಜಾತಿಯನ್ನು 1994ರಲ್ಲಿ ಮೊದಲ ಸಲ ವಿವರಿಸಿದವರು ಇಬ್ಬರು: ಜರ್ಮನಿಯ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಮ್ಯೂಸಿಯಮ್ಮಿನ ಡೀಟರ್ ಕಾಕ್, ಮತ್ತು ಪುಣೆಯ ವೈರಾಣು ಸಂಸ್ಥೆಯಲ್ಲಿ ಕೆಲಸ ಮಾಡಿದ ಎಚ್. ಆರ್. ಭಟ್. ಆಗ ಸಿಕ್ಕಿದ್ದು ಕೋಲಾರ ಜಿಲ್ಲೆಯ ಎರಡು ಕಡೆ, ಹನುಮನಹಳ್ಳಿ ಮತ್ತು ತೇರಹಳ್ಳಿಯಲ್ಲಿ. ಬಹುಕಾಲ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಅವರ ತಂಡ ಹುಡುಕಿಕೊಂಡು ಹೋದಾಗ ತೇರಹಳ್ಳಿಯಲ್ಲಿ ಅದು ಇರಲಿಲ್ಲ. ಹನುಮನಹಳ್ಳಿಯ ಒಂದು ಗುಹೆಯಲ್ಲಿ ಇತ್ತು. ಒಂದೇ ಗುಹೆ. ಆಗ ಎಣಿಸಿದರೆ ಇನ್ನೂರು ದಾಟಲಿಲ್ಲ. 2016ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದನ್ನು 'ಕ್ರಿಟಿಕಲಿ ಎಂಡೇಂಜರ್ಡ್' ಎಂಬ ದರ್ಜೆಗೆ ಸೇರಿಸಿದರು. ಅದರ ಮುಂದಿನ ಮೆಟ್ಟಿಲು ಕಾಡಿನಲ್ಲಿ ಇಲ್ಲ ಎನ್ನುವುದು. ಅದಾದ ಮೇಲೆ ಎಲ್ಲೂ ಇಲ್ಲ ಎನ್ನುವುದು.

ಗುಹೆ ಎಂದಾಗ ಬಾದಾಮಿಯಂಥದ್ದನ್ನು ನೆನೆಯಬೇಡಿ. ಕೋಲಾರದ ಬೆಟ್ಟಗಳು ಬಂಡೆಯ ರಾಶಿ. ಒಂದರ ಮೇಲೊಂದು ಒರಗಿದ ಕಲ್ಲುಗಳ ನಡುವೆ ಉಳಿದ ಖಾಲಿ ಜಾಗವೇ ಗುಹೆ. ಒಳಗೆ ಹೊರಗಿನ ಬಿಸಿಲು ತಾಗದ ಒಂದು ಹದವಾದ ತೇವ, ಒಂದೇ ಸಮನಾದ ಶಾಖ. ಅದು ಕೆಟ್ಟರೆ ಬಾವಲಿ ನಿಲ್ಲುವುದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಪ್ರಾಣಿ, ಹುಳ ಹುಪ್ಪಟೆ ತಿನ್ನುತ್ತದೆ. ಈ ಪಂಗಡದ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಇಲಿಯ ಹಾಗೆ ಕಳೆದುಕೊಂಡದ್ದನ್ನು ಒಂದು ಮಳೆಗಾಲದಲ್ಲಿ ತುಂಬಿಕೊಳ್ಳುವ ಜೀವವಲ್ಲ. ಅಂಥ ಜೀವದ ನೆತ್ತಿಯ ಮೇಲೆ ಗ್ರಾನೈಟ್ ಗಣಿಗಾರಿಕೆ ನಡೆಯುತ್ತಿತ್ತು. ಈಗ ಅರಣ್ಯ ಇಲಾಖೆ ಆ ಗುಹೆಯ ಆಸುಪಾಸಿನ ಜಾಗವನ್ನು ಕಾಪಾಡುವ ಕ್ರಮ ಕೈಗೊಂಡಿದೆ. ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನವರು, ಉಸ್ಮಾನಿಯಾದವರು ಕೈ ಜೋಡಿಸಿದ್ದಾರೆ.

ಇಷ್ಟು ಓದಿದ ಮೇಲೆ ನನಗೆ ಬಂದ ಮೊದಲ ಯೋಚನೆ ಒಂದು ಲೆಕ್ಕ. ಇನ್ನೂರು ಅಂತಲೇ ಇಟ್ಟುಕೊಂಡರೆ, ಅಂದು ನಾನು ಹೊಡೆದದ್ದು ಇವುಗಳಲ್ಲಿ ಒಂದಾಗಿದ್ದರೆ ಇಡೀ ಕುಲದ ಅರ್ಧ ಶೇಕಡಾವನ್ನು ರ್‍ಯಾಕೆಟ್ಟಿನ ಒಂದು ಏಟಿಗೆ ಮುಗಿಸಿದಂತೆ. ಆಗಿರಲಿಕ್ಕಿಲ್ಲ. ಅದು ಬೆಂಗಳೂರಿನ ಯಾವುದೇ ಮನೆಯ ಹೆಂಚಿನ ಸಂದಿಯಲ್ಲಿ ಇರುವಂಥ ಸಾಮಾನ್ಯ ಬಾವಲಿ. ಹಾಗೆಂದುಕೊಂಡು ಸಮಾಧಾನ ಪಟ್ಟುಕೊಂಡೆ. ಆಮೇಲೆ, ಆ ಸಮಾಧಾನ ಎಲ್ಲಿಂದ ಬಂತು ಅಂತ ಕೇಳಿಕೊಂಡೆ.

ಮೊರದ ಮೇಲೆ ಬಾಯಿ ತೆರೆದು ಬಿದ್ದಿದ್ದ ಆ ಪ್ರಾಣಿಗೆ ತನ್ನಂಥವು ಲೋಕದಲ್ಲಿ ಇನ್ನೂ ಲಕ್ಷ ಇವೆಯೋ ನೂರೇ ಇವೆಯೋ ಎಂಬುದರಿಂದ ಏನು? ಏಟು ಏಟೇ, ನೋವು ನೋವೇ. ಕೋಲಾರದ ಬಾವಲಿಗೆ ತಾನು ಕೊನೆಯವರಲ್ಲಿ ಒಂದು ಎಂಬ ದುಃಖವಿಲ್ಲ. ಕುಲ ಅನ್ನುವುದಕ್ಕೆ ಮೈ ಇಲ್ಲ, ನರವಿಲ್ಲ. ಹೊಡೆದರೆ ಅಳುವುದು ಒಂದೊಂದು ಬಾವಲಿಯೇ ಹೊರತು 'ಬಾವಲಿ ಜಾತಿ' ಅಲ್ಲ. ಹಾಗಾದರೆ ಇನ್ನೂರರಲ್ಲಿ ಒಂದನ್ನು ಕೊಲ್ಲುವುದು ಲಕ್ಷದಲ್ಲಿ ಒಂದನ್ನು ಕೊಲ್ಲುವುದಕ್ಕಿಂತ ದೊಡ್ಡ ತಪ್ಪು ಅಂತ ನನಗೆ ಯಾಕೆ ಅನ್ನಿಸಬೇಕು? ಅಪರೂಪದ್ದಕ್ಕೆ ಬೆಲೆ ಜಾಸ್ತಿ ಎನ್ನುವುದು ಅವೆನ್ಯೂ ರೋಡಿನ ಚಿನ್ನದಂಗಡಿಯ ಲೆಕ್ಕ. ಅದನ್ನು ಜೀವಕ್ಕೂ ಹಚ್ಚಬಹುದೇ?

ನಮ್ಮ ಪರಂಪರೆಯಲ್ಲಿ ಇದಕ್ಕೆ ಸಿದ್ಧ ಉತ್ತರ ಸಿಗುವುದಿಲ್ಲ ಅಂತ ನನಗನ್ನಿಸುತ್ತದೆ. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದರು. ಒಂದೇ ಇಂದ್ರಿಯದ ಗಿಡದಿಂದ ಐದು ಇಂದ್ರಿಯದ ಪ್ರಾಣಿಯವರೆಗೆ ಹಿಂಸೆಯ ತೂಕ ಏರುತ್ತಾ ಹೋಗುತ್ತದೆ. ಬಹಳ ಸೂಕ್ಷ್ಮವಾದ ವಿಚಾರ. ಆದರೆ ಅಲ್ಲಿಯೂ ಎಣಿಕೆ ಒಂದು ಜೀವದ್ದು. ಆ ಥರದ ಜೀವ ಇನ್ನೆಷ್ಟಿವೆ ಎನ್ನುವುದರದ್ದಲ್ಲ.

ನಮ್ಮ ಬಡಾವಣೆಯ ನೆನಪಿನಲ್ಲೇ ಇನ್ನೊಂದು ಉದಾಹರಣೆ ಇದೆ. 1927ರಲ್ಲಿ ಗಾಂಧೀಜಿ ಕಾಯಿಲೆಯಿಂದ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದವರು ಅಲ್ಲಿಂದ ಇಳಿದು ಕುಮಾರ ಪಾರ್ಕಿನಲ್ಲಿ ಕೆಲವು ವಾರ ತಂಗಿದ್ದರು. ಆ ಕಾಲದ ಹಿಂದು ಮುಂದನ್ನು ನೋಡಿ. ಹಿಂದಿನ ವರ್ಷ, 1926ರಲ್ಲಿ, ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಹುಚ್ಚು ಹಿಡಿಯಬಹುದೆಂಬ ಭಯದಿಂದ ಸುಮಾರು 60 ಬೀದಿನಾಯಿಗಳನ್ನು ಕೊಲ್ಲಿಸಿದಾಗ ಗಾಂಧೀಜಿ ಅದನ್ನು ಸಮರ್ಥಿಸಿ, ದೇಶದ ಎಲ್ಲ ಕಡೆಯಿಂದ ಕೋಪದ ಪತ್ರ ಬಂದಿದ್ದವು. ಮುಂದಿನ ವರ್ಷ, 1928ರಲ್ಲಿ, ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ನೋವಿನಲ್ಲಿ ಬಿದ್ದಿದ್ದ ಕರುವಿಗೆ ಚುಚ್ಚುಮದ್ದು ಕೊಡಿಸಿ ಕೊಲ್ಲಿಸಿದರು, ಮತ್ತೆ ಗದ್ದಲ. ಈ ಎರಡು ಜಗಳಗಳ ನಡುವಿನ ಬೇಸಿಗೆ, ಮಳೆಗಾಲವನ್ನು ಅವರು ನಮ್ಮ ನಂದಿ ಮತ್ತು ಕುಮಾರ ಪಾರ್ಕಿನಲ್ಲಿ ಕಳೆದದ್ದು. ಅವರ ವಾದಗಳನ್ನು ಒಪ್ಪಿ ಬಿಡಿ, ಎರಡರಲ್ಲೂ ಅವರ ಕಣ್ಣು ಇದ್ದದ್ದು ಎದುರಿಗಿರುವ ಜೀವದ ಮೇಲೆ: ಕಚ್ಚಿಸಿಕೊಳ್ಳಬಹುದಾದ ಮನುಷ್ಯ, ನರಳುವ ಕರು. ನಾಯಿಯ ಕುಲ, ಕರುವಿನ ಕುಲ ಉಳಿಯುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಏಳುವ ಹಾಗೇ ಇರಲಿಲ್ಲ. ಒಂದು ಕುಲವನ್ನೇ ಅಳಿಸುವ ಕೈ ನಮಗಿದೆ ಎಂಬ ಅರಿವು ಆಗ ಅಹಿಂಸೆಯ ಚರ್ಚೆಯೊಳಗೆ ಬಂದಿರಲಿಲ್ಲ. ಈಗ ಬಂದಿದೆ. ಹಳೆಯ ಮಾತಿನಲ್ಲಿ ಅದಕ್ಕೆ ಜಾಗ ಮಾಡಬೇಕಾಗಿದೆ.

ನಾನು ಅದಕ್ಕೆ ಹೀಗೊಂದು ದಾರಿ ಹುಡುಕಿಕೊಂಡೆ. 2010ರ ಜನವರಿಯಲ್ಲಿ ಅಂಡಮಾನಿನಲ್ಲಿ ಬೋವಾ ಎಂಬ ಅಜ್ಜಿ ತೀರಿಕೊಂಡರು. ಬೋ ಎಂಬ ಭಾಷೆ ಆಡುತ್ತಿದ್ದವರಲ್ಲಿ ಅವರೇ ಕೊನೆಯವರು. ಅಂದು ಪೋರ್ಟ್ ಬ್ಲೇರಿನಲ್ಲಿ ಬೇರೆ ಅಜ್ಜಿಯರೂ ತೀರಿಕೊಂಡಿರಬಹುದು. ಯಾರ ಸಾವೂ ಯಾರ ಸಾವಿಗಿಂತ ಚಿಕ್ಕದಲ್ಲ, ಯಾರ ಮಕ್ಕಳ ಅಳುವೂ ಹೆಚ್ಚು ಕಡಿಮೆಯಲ್ಲ. ಆದರೆ ಬೋವಾ ಅವರ ಜೊತೆ ಇನ್ನೂ ಏನೋ ಹೋಯಿತು ಅನ್ನುವುದನ್ನು ಕನ್ನಡದಲ್ಲಿ ಬರೆದು ಬದುಕುವ ನಾವು ತಳ್ಳಿಹಾಕಲಾರೆವು. ಲೋಕವನ್ನು ಕಾಣುವ, ಹೆಸರಿಟ್ಟು ಕರೆಯುವ ಒಂದು ಬಗೆ ಹೋಯಿತು. ಅದು ಬೋವಾ ಅವರ ಬೆಲೆಯನ್ನು ಏರಿಸುವುದಿಲ್ಲ. ಅವರ ಸಾವಿನ ಪಕ್ಕದಲ್ಲಿ ಇನ್ನೊಂದು ಸಾವು ನಿಂತಿತ್ತು ಅಷ್ಟೇ. ಕೋಲಾರದ ಬಾವಲಿಯ ವಿಷಯದಲ್ಲೂ ಹೀಗೆ ಎರಡು ಲೆಕ್ಕ ಬೇರೆ ಬೇರೆ ಇಟ್ಟರೆ ನನ್ನ ತೊಡಕು ಅರ್ಧ ಬಿಡಿಸುತ್ತದೆ. ನಾನು ಕೊಂದ ಬಾವಲಿಯ ಸಾವು ಪೂರ್ತಿ ಸಾವೇ. ಸಾಮಾನ್ಯ ಜಾತಿ ಎಂದು ಅದರಲ್ಲಿ ರಿಯಾಯಿತಿ ಇಲ್ಲ. ಕೋಲಾರದ್ದು ಸತ್ತರೆ ಅದೂ ಅಷ್ಟೇ ಪೂರ್ತಿ, ಅದರ ಪಕ್ಕ ಇನ್ನೊಂದೂ ಇರುತ್ತದೆ.

ಆ ಇನ್ನೊಂದು ಏನು? ಈ ಎಲೆಮೂಗಿನವು ಬಾಯಿಯಿಂದಲ್ಲ, ಮೂಗಿನ ಹೊಳ್ಳೆಗಳಿಂದ ದನಿ ಹೊರಡಿಸುತ್ತವೆ. ಮೂಗಿನ ಮೇಲಿನ ಆ ಎಲೆ ದನಿಯನ್ನು ಮುಂದಕ್ಕೆ ಹದವಾಗಿ ಚೆಲ್ಲುತ್ತದೆ. ಹೋದ ದನಿ ಹುಳಕ್ಕೆ, ಬಂಡೆಗೆ, ಎಲೆಗೆ ಬಡಿದು ಮರಳಿದಾಗ ಅದಕ್ಕೆ ಲೋಕ ಮೂಡುತ್ತದೆ. ನಮ್ಮ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ಕೋಲಾರದ ಬಾವಲಿಯ ದನಿ ಅದರ ಹತ್ತಿರ ಹತ್ತಿರ ಐದು ಪಟ್ಟು ಮೇಲೆ. ಅಂದರೆ ಹನುಮನಹಳ್ಳಿಯ ಬೆಟ್ಟದಲ್ಲಿ ದಿನಾ ಮುಸ್ಸಂಜೆ ನಮ್ಮ ಪಾಲಿಗೆ ಪೂರಾ ಮೌನವಾದ ಒಂದು ಕೂಗಾಟ ನಡೆಯುತ್ತದೆ. ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗಲ್ 1974ರಲ್ಲಿ ಬಾವಲಿಯಾಗಿರುವುದೆಂದರೆ ಹೇಗಿರುತ್ತದೆ ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು ಒಂದು ಲೇಖನ ಬರೆದರು. ಬಾವಲಿಯ ಮೆದುಳು, ಕಿವಿ, ದನಿಯ ಬಗ್ಗೆ ಎಲ್ಲವನ್ನೂ ತಿಳಿದರೂ ಅದರ ಒಳಗಿನಿಂದ ಲೋಕ ಹೇಗೆ ಕಾಣುತ್ತದೆ ಎಂಬುದು ನಮಗೆ ಎಟುಕುವುದಿಲ್ಲ ಎನ್ನುವುದು ಅವರ ವಾದ. ಅವರಿಗೆ ಬೇಕಿದ್ದದ್ದು ಮನಸ್ಸಿನ ಸ್ವರೂಪದ ಚರ್ಚೆ, ಪ್ರಾಣಿ ಸಂರಕ್ಷಣೆ ಅಲ್ಲ. ನನಗೆ ಮಾತ್ರ ಅದನ್ನು ಓದಿದಾಗ ಪುಣ್ಯಕೋಟಿ ನೆನಪಾಯಿತು. ನಮ್ಮನ್ನು ತಲೆಮಾರುಗಳಿಂದ ಅಳಿಸಿದ ಆ ಹಸು ಮಾತಾಡುತ್ತದೆ. ಕನ್ನಡದಲ್ಲಿ ಮಾತಾಡುತ್ತದೆ, ಮಗುವಿಗೆ ಬುದ್ಧಿ ಹೇಳುತ್ತದೆ, ಕೊಟ್ಟ ಮಾತಿಗೆ ನಡೆಯುತ್ತದೆ. ಹುಲಿಯೂ ಕೇಳಿಸಿಕೊಂಡು ಮನಸ್ಸು ಕರಗಿಸಿಕೊಳ್ಳುತ್ತದೆ. ನಮ್ಮ ಕರುಣೆಗೆ ಅಷ್ಟು ಸಿದ್ಧತೆ ಬೇಕು: ಪ್ರಾಣಿ ನಮ್ಮ ಥರ ತಾಯಿಯಾಗಬೇಕು, ನಮ್ಮ ಥರ ಅಳಬೇಕು, ಕಣ್ಣು ದೊಡ್ಡದಿರಬೇಕು. ಮೂಗಿನ ಮೇಲೆ ಎಲೆ ಇಟ್ಟುಕೊಂಡು ತಲೆಕೆಳಗಾಗಿ ನೇತಾಡುವ, ಕೇಳಿಸದ ದನಿಯಲ್ಲಿ ಕೂಗುವ ಪ್ರಾಣಿಯ ಕಡೆಯಿಂದ ಯಾವ ಹಾಡೂ ಬರುವುದಿಲ್ಲ.

ಹಾಡಿಲ್ಲದ್ದಕ್ಕೆ ಜನ ಉಪಯೋಗ ಹುಡುಕುತ್ತಾರೆ. ಬಾವಲಿ ಸೊಳ್ಳೆ ತಿನ್ನುತ್ತದೆ, ಬೆಳೆಯ ಹುಳ ತಿನ್ನುತ್ತದೆ, ಹಣ್ಣು ತಿನ್ನುವವು ಬೀಜ ಹರಡುತ್ತವೆ. ಎಲ್ಲವೂ ನಿಜ. 2020ರಲ್ಲಿ ಕೊರೋನಾ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಹಿಂದಿನ ಮರಕ್ಕೆ ಬಾವಲಿ ಬರುತ್ತವೆ, ಕಡಿಸಿಬಿಡೋಣ ಎಂಬ ಮಾತು ಬಂತು. ನಾನೂ ಇದೇ ವಾದಗಳನ್ನು ಗಿಳಿಪಾಠದಂತೆ ಒಪ್ಪಿಸಿದೆ. ಮರ ಉಳಿಯಿತು. ಅದಕ್ಕೆ ಮುಖ್ಯ ಕಾರಣ ಕಡಿಸುವ ಖರ್ಚು ಯಾರದ್ದು ಎನ್ನುವುದು ತೀರ್ಮಾನವಾಗದೇ ಇದ್ದದ್ದು. ಆದರೆ ಕೋಲಾರದ ಬಾವಲಿಯ ಮುಂದೆ ಈ ವಾದ ನಿಲ್ಲುವುದಿಲ್ಲ. ಇನ್ನೂರು ಪುಟ್ಟ ಬಾವಲಿಗಳು ತಿನ್ನುವ ಹುಳವನ್ನು ಪಕ್ಕದ ಬೆಟ್ಟದ ಇನ್ನೊಂದು ಜಾತಿ ತಿಂದೀತು. ನಾಳೆ ಅವು ಇಲ್ಲವಾದರೆ ಕೋಲಾರದ ಟೊಮೇಟೊ ಬೆಲೆ ಒಂದು ಪೈಸೆ ಏರುವುದಿಲ್ಲ. ಉಪಯೋಗದ ತಕ್ಕಡಿಯಲ್ಲಿ ಅದು ಸೋತಾಗಿದೆ. ಉಪಯೋಗವಿಲ್ಲದ, ಚೆಲುವಿಲ್ಲದ, ಕಾಣಿಸದ, ಕೇಳಿಸದ ಒಂದು ಜೀವಕ್ಕೆ ನಾವು ಏನಾದರೂ ಸಲ್ಲಿಸಬೇಕೇ? ಪ್ರಶ್ನೆ ಇಷ್ಟು ಬೆತ್ತಲೆಯಾಗಿ ಎದುರು ನಿಲ್ಲುವುದು ಅಪರೂಪ.

ಕಾನೂನು ಇದನ್ನು ಹೇಗೆ ನೋಡಿತು ಎನ್ನುವುದು ಒಂದು ತಮಾಷೆಯ ಕಥೆ. ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. 1912ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಎಸ್. ಎಚ್. ಪ್ರೇಟರ್ ಅಲ್ಲೊಂದು ದೊಡ್ಡ ಕಿವಿಯ ಬಾವಲಿಯನ್ನು ಕಂಡರು. ಮರುವರ್ಷ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ರಾಟನ್ ಎಂಬುವರ ಹೆಸರಿಟ್ಟರು. ದಶಕಗಳ ಕಾಲ ಲೋಕದಲ್ಲಿ ಆ ಬಾವಲಿ ಇರುವ ಜಾಗ ಅದೊಂದೇ ಎಂದು ನಂಬಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ಜಾಗ ಸಿಕ್ಕ ಎರಡೇ ಬಾವಲಿಗಳಲ್ಲಿ ಅದೂ ಒಂದು. ಇನ್ನೊಂದು ಸಲೀಂ ಅಲಿಯವರ ಹೆಸರಿನ ಹಣ್ಣುಬಾವಲಿ. 2011ರಲ್ಲಿ ಭೀಮಗಡ ಅಭಯಾರಣ್ಯವಾಯಿತು. ಅಷ್ಟರಲ್ಲಿ ರಾಟನ್ನನ ಬಾವಲಿ ಮೇಘಾಲಯದಲ್ಲೂ ದೂರದ ಕಾಂಬೋಡಿಯಾದಲ್ಲೂ ಕಂಡುಬಂದು, ಕೆಂಪು ಪಟ್ಟಿಯವರು ಅದನ್ನು 'ಮಾಹಿತಿ ಸಾಲದು' ಎಂಬ ಕಂತೆಗೆ ಹಾಕಿದರು. ನಿಜಕ್ಕೂ ಒಂದೇ ಗುಹೆಗೆ ಬಂದು ನಿಂತಿದ್ದ ಕೋಲಾರದ್ದಕ್ಕೆ ಆ ಪರಿಚ್ಛೇದದಲ್ಲಿ ಜಾಗ ಇರಲಿಲ್ಲ. ಅತ್ತ ಬೀದಿಮರದ ಹಣ್ಣುಬಾವಲಿಗಳನ್ನು ಅದೇ ಕಾಯ್ದೆಯ ಐದನೇ ಪರಿಚ್ಛೇದ ಕಾಗೆ, ಇಲಿಗಳ ಜೊತೆ ಪೀಡೆ ಎಂದು ಕರೆದಿತ್ತು. ಆ ಪೀಡೆಗಳ ಪಟ್ಟಿಯೇ ಹೋದದ್ದು 2022ರ ತಿದ್ದುಪಡಿಯಲ್ಲಿ. ಪಟ್ಟಿಗಳನ್ನು ನಾನು ಹಳಿಯುತ್ತಿಲ್ಲ. ಪಟ್ಟಿ ಇಲ್ಲದಿದ್ದರೆ ಅರಣ್ಯ ಇಲಾಖೆಯ ಗಾರ್ಡ್ ಯಾವುದರ ಬಲದ ಮೇಲೆ ಲಾರಿ ತಡೆಯಬೇಕು? ಆದರೆ ಪಟ್ಟಿ ಬರೆಯುವವರಿಗೆ ಗೊತ್ತಿರುವಷ್ಟೇ ಪಟ್ಟಿಗೆ ಗೊತ್ತಿರುತ್ತದೆ.

ಈಗ ಮುಖ್ಯ ತೊಡಕಿಗೆ ಬರುತ್ತೇನೆ. ಅಜ್ಜಿಯ ಮಾತು ನಮ್ಮ ನಡುಮನೆಯ ಮಟ್ಟಿಗೆ ಸರಿ. ಕಿಟಕಿ ತೆಗೆಯುವುದಕ್ಕೆ ಖರ್ಚಿಲ್ಲ. ಹನುಮನಹಳ್ಳಿಯಂಥ ಕಡೆ ಅದರ ಪಾಡಿಗೆ ಅದನ್ನು ಬಿಡುವುದೆಂದರೆ ಯಾರೋ ಒಬ್ಬರ ಕೂಲಿ ನಿಲ್ಲಿಸುವುದು. ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಕೆರೆಗಳನ್ನು ಮಳೆ ನಂಬಿಸಿ ಕೈಕೊಡುತ್ತದೆ, ಬೋರ್‌ವೆಲ್ ಆಳ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಂಥ ಸೀಮೆಯಲ್ಲಿ ಮಳೆಗೆ ಕಾಯದೆ ದುಡ್ಡು ಕೊಡುವುದು ಬಂಡೆ. ಅದನ್ನು ತಲೆಮಾರುಗಳಿಂದ ಉಳಿ, ಸುತ್ತಿಗೆ, ಬೆಣೆ ಹಿಡಿದು ಸೀಳಿದವರು ಬಡವರು. ಮೈಗೆ ದೂಳು ತಿಂದವರು. ಗುಹೆಯ ಬಾವಲಿಗಾಗಿ ಬಂಡೆ ಬಿಡಿ ಎಂದು ಅವರಿಗೆ ಹೇಳುವ ಯೋಗ್ಯತೆ ಕುಮಾರ ಪಾರ್ಕಿನ ನನಗೆ ಎಲ್ಲಿಂದ ಬರಬೇಕು? ಭೀಮಗಡದ ಒಳಗಿನ ತಳೇವಾಡಿಯಂಥ ಊರುಗಳಲ್ಲೂ ಪರಿಹಾರ ಪಡೆದು ಕಾಡಿನಿಂದ ಹೊರಗೆ ಬರುವ ಮಾತು ನಡೆದಿದೆ. ಒಪ್ಪಿಯೇ ಬರುವವರಿರಬಹುದು, ರಸ್ತೆ, ಆಸ್ಪತ್ರೆ, ಶಾಲೆ ಯಾರಿಗೆ ಬೇಡ? ಆದರೂ ಪ್ರತಿ ಸಲ ಊರು ಬಿಡುವವರು ಅವರೇ. ಕಾಡು ಉಳಿಯಿತೆಂದು ಖುಷಿಯಿಂದ ಪತ್ರಿಕೆ ಓದುವವರು ನಾವು.

ಹಾಗೆಂದು, ಬಡವರ ಹೊಟ್ಟೆ ಮುಖ್ಯ, ಬಾವಲಿ ಹೋದರೆ ಹೋಗಲಿ ಎಂದು ಮುಗಿಸಿಬಿಡುವುದೂ ನನಗೆ ಪ್ರಾಮಾಣಿಕ ಅನ್ನಿಸಲಿಲ್ಲ. ಏಕೆಂದರೆ ಬಂಡೆಯ ದುಡ್ಡಿನ ಬಹುಪಾಲು ಸೀಳಿದವನ ಕೈಗೆ ಬರುವುದಿಲ್ಲ, ಬಂಡೆಯೂ ಅವನ ಮನೆಯಲ್ಲಿ ಉಳಿಯುವುದಿಲ್ಲ. ಅದು ನಮ್ಮ ಮನೆಗೆ ಬರುತ್ತದೆ. ಬಾವಲಿ ಮತ್ತು ಕೂಲಿಯವನನ್ನು ತಕ್ಕಡಿಯ ಎರಡು ತಟ್ಟೆಯಲ್ಲಿ ಕೂರಿಸಿ, ಯಾರು ಹೆಚ್ಚು ಹೇಳಿ ಎಂದು ಕೇಳುವ ಆಟದಲ್ಲಿ ತಕ್ಕಡಿ ಹಿಡಿದವನ ಕೈ ಯಾರಿಗೂ ಕಾಣುವುದಿಲ್ಲ. ಉಪಯೋಗವಿಲ್ಲದ ಜೀವಕ್ಕೆ ಏನು ಸಲ್ಲಿಸಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರದ ಎಳೆ ಇದು. ನಮಗೂ ಅದಕ್ಕೂ ಯಾವ ಸಂಬಂಧವೂ ಇರದಿದ್ದರೆ ಬಹುಶಃ ಏನೂ ಸಲ್ಲಬೇಕಾಗಿರಲಿಲ್ಲ. ಅದು ಅಲ್ಲಿ, ನಾವು ಇಲ್ಲಿ. ಆದರೆ ಸಂಬಂಧ ಇದೆ. ನಾವು ಅದರ ಮನೆಯ ಗೋಡೆ ತಂದು ಅಡುಗೆಮನೆಗೆ ಹಾಕಿಕೊಂಡಿದ್ದೇವೆ. ಪ್ರೀತಿಯಿಂದ ಹುಟ್ಟುವ ಕರ್ತವ್ಯ ಬೇರೆ, ತೆಗೆದುಕೊಂಡದ್ದರಿಂದ ಹುಟ್ಟುವ ಋಣ ಬೇರೆ. ಸಾಲಗಾರ ಸಾಲ ಕೊಟ್ಟವನನ್ನು ಪ್ರೀತಿಸಬೇಕಿಲ್ಲ, ಅವನು ಚೆಲುವನಾಗಿರಬೇಕಿಲ್ಲ. ಆ ಋಣ ತೀರಿಸುವ ಭಾರ ಮೊದಲು ಬೀಳಬೇಕಾದದ್ದು ಹನುಮನಹಳ್ಳಿಯ ಮೇಲಲ್ಲ.

ಈ ಮಾತು ತಲೆಗೆ ಬಂದ ಭಾನುವಾರ ಮಗಳನ್ನು ಕೂರಿಸಿಕೊಂಡು ಕೋಲಾರಕ್ಕೆ ಹೊರಟೆ. ಹೊಸಕೋಟೆ, ನರಸಾಪುರ ದಾಟಿ ಅಂತರಗಂಗೆಯ ಮೆಟ್ಟಿಲು ಹತ್ತಿದೆವು. ಬಸವನ ಬಾಯಿಂದ ನೀರು ಬೀಳುತ್ತಿತ್ತು, ಮಂಗಗಳು ಬಾಳೆಹಣ್ಣಿಗೆ ಕೈ ಹಾಕುತ್ತಿದ್ದವು. ಮೇಲೆ ಬಂಡೆಗಳ ಮೇಲೆ ಪೇಂಟಿನಲ್ಲಿ ಹೆಸರು ಬರೆದಿದ್ದರು. ಒಂದು ಸಂದಿಯ ಬಾಯಲ್ಲಿ ಚಿಪ್ಸ್ ಪೊಟ್ಟಣ, ಒಲೆ ಹೂಡಿದ ಕರಿ. ಒಳಗಿನಿಂದ ಬಾವಲಿ ಇರುವ ಕಡೆಯ ಘಾಟು ವಾಸನೆ. ಅಲ್ಲಿಂದ ಹನುಮನಹಳ್ಳಿಗೆ ಹೋಗುವುದು ನನ್ನ ಯೋಜನೆಯಾಗಿತ್ತು. ಫೋನಿನಲ್ಲಿ ದಾರಿ ಹಾಕಿಕೊಂಡೂ ಇದ್ದೆ. ಮಗಳೇ ಕೇಳಿದಳು, "ಅಲ್ಲಿ ಹೋಗಿ ಏನು ಮಾಡ್ತೀಯಪ್ಪಾ?"

"ನೋಡೋಣ ಅಂತ."

"ನೋಡಕ್ಕೆ ಟಾರ್ಚ್ ಬಿಡಬೇಕಲ್ಲ. ನಾವು ಆವತ್ತು ಬಿಟ್ಟಾಗ ಎಲ್ಲಾ ಎದ್ದು ಹಾರಾಡಿದ್ವು. ಪಾಪ, ಕೆಲವು ಬಂಡೆಗೇ ಡಿಕ್ಕಿ ಹೊಡೀತಿದ್ವು."

ನಾನು ಗುಹೆಯ ಹೊರಗೆ ನಿಂತು ಬರುತ್ತೇನೆ, ಒಳಗೆ ಹೋಗುವುದಿಲ್ಲ ಅಂದೆ. ಹಾಗಾದರೆ ಬಂಡೆ ಇಲ್ಲೂ ಇದೆಯಲ್ಲ ಅಂದಳು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು. ಹೊತ್ತು ಇಳಿಯಿತು. ಸಂದಿಗಳಿಂದ ಒಂದೊಂದಾಗಿ, ಆಮೇಲೆ ಹಿಂಡಾಗಿ ಕಪ್ಪು ಚೂರುಗಳು ಹೊರಬಿದ್ದವು. ಯಾವ ಜಾತಿಯವೋ. ಕೆಳಗೆ ಕೋಲಾರದ ದೀಪಗಳು ಹತ್ತಿಕೊಂಡಿದ್ದವು. ಕಿವಿಗೆ ಏನೂ ಕೇಳಿಸಲಿಲ್ಲ. ಹನುಮನಹಳ್ಳಿಗೆ ಹೋಗದೆ ಹೊಸಕೋಟೆಯಲ್ಲಿ ಕಾಫಿ ಕುಡಿದು ಮನೆಗೆ ಬಂದೆವು. ಇಷ್ಟು ಬರೆದಿದ್ದೇನಲ್ಲ, ಆ ಬಾವಲಿಯನ್ನು ನಾನು ನೋಡಿಲ್ಲ. ನೋಡುವುದೂ ಇಲ್ಲ ಅಂತ ಅಂದುಕೊಂಡಿದ್ದೇನೆ.

ಹೆಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಿದಾಗ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಆರಿಸಿದ್ದು ಅಪ್ಪ. ಹಳೇ ಮನೆಯ ಮೆಟ್ಟಿಲು, ಚಪ್ಪಡಿ ಎಲ್ಲ ಸಾದರಹಳ್ಳಿ ಕಲ್ಲು. ಇದು ಮಾತ್ರ ಕೋಲಾರದ ಕಡೆಯದ್ದು, ಚೆನ್ನಾಗಿ ಪಾಲಿಶ್ ಹಿಡಿಯುತ್ತೆ ಅಂತ ಮೇಸ್ತ್ರಿ ಹೇಳಿದ್ದು ನನಗೆ ನೆನಪಿದೆ. ಈ ವರ್ಷ ಅದನ್ನು ತೆಗೆಸಿ ಹೊಸದು ಹಾಕಿಸಬೇಕು ಎಂದು ಹೆಂಡತಿಯ ಹಟ. ಕಲ್ಲಿನಂಗಡಿಗೆ ಹೋದೆವು. ಸಾಲಾಗಿ ನಿಲ್ಲಿಸಿದ ಹೊಳೆಯುವ ಚಪ್ಪಡಿಗಳ ನಡುವೆ, ಇದು ಯಾವ ಬೆಟ್ಟದ್ದು ಅಂತ ಒಂದೊಂದಕ್ಕೂ ಕೇಳುತ್ತಾ ಹೋದೆ. ಅಂಗಡಿಯವನಿಗೆ ನಾಲ್ಕನೆಯದಕ್ಕೆ ತಾಳ್ಮೆ ತಪ್ಪಿತು. "ಕೋಲಾರದ್ದೋ, ಚಾಮರಾಜನಗರದ್ದೋ, ಆಂಧ್ರದ್ದೋ. ಬೆಟ್ಟ ಕಟ್ಕೊಂಡು ನಿಮಗೇನಾಗಬೇಕು ಸಾರ್? ಚದರಡಿ ರೇಟ್ ಕೇಳಿ" ಅಂದ. ಅವನ ತಪ್ಪಿಲ್ಲ. ಅವನಿಗೂ ಯಾರೂ ಹೇಳಿರುವುದಿಲ್ಲ.

ಕೊನೆಗೆ ಹಳೇ ಕಟ್ಟೆಯನ್ನೇ ಉಜ್ಜಿಸಿ ಪಾಲಿಶ್ ಮಾಡಿಸಿದೆ. ಕೆಲಸಕ್ಕೆ ಬಂದ ಹುಡುಗನಿಗೆ ಎರಡು ದಿನದ ಬದಲು ಅರ್ಧ ದಿನದ ಕೂಲಿ ಬಂತು. ಅವನ ಮುಖ ಸಪ್ಪಗಾಯಿತು. ಸಿಂಕಿನ ಹತ್ತಿರ ಒಂದು ಮೂಲೆ ಮುಕ್ಕಾಗಿದೆ, ಅಲ್ಲಿ ನೀರು ನಿಲ್ಲುತ್ತದೆ. ಹೆಂಡತಿ ದಿನಾ ಬೆಳಿಗ್ಗೆ ಅದನ್ನು ಒರೆಸುವಾಗ ನನಗೆ ಕೇಳಿಸುವ ಹಾಗೆ ಏನೋ ಅನ್ನುತ್ತಾಳೆ.